ಮೂಗಿನ ಸಾಹೇಬರ ಕೊನೆಯ ಪೀಪಾಯಿ

ನಾದಿನಿ ಹಚ್ಚಿಟ್ಟ ಊದುಬತ್ತಿಯನ್ನು ಅವಳು ಎರಡು ಬೆರಳಲ್ಲಿ ಹೊಸಕಿ ಆರಿಸಿದಳು. ಗಂಡನ ದೇಹವನ್ನು ನಡುಕೋಣೆಯಲ್ಲಿ ಮಲಗಿಸಿದ್ದರು. ಸುತ್ತ ಕೂತವರು ಮುಖ ಮುಖ ನೋಡಿಕೊಂಡರು.

“ಇವತ್ತೂ ಬೇಡ್ವಾ ಅತ್ತಿಗೆ?” ನಾದಿನಿ ಮೆಲ್ಲಗೆ ಕೇಳಿದಳು.

“ನಿಮ್ಮಣ್ಣಂಗೆ ಆಗಲ್ಲ.”

ಬಾಯಿಂದ ಮಾತು ಬಿದ್ದ ಮೇಲೆ ತಾನೇನು ಅಂದೆ ಎಂದು ಅವಳಿಗೆ ಹೊಳೆಯಿತು. ಆದರೆ ಅಳುವುದಕ್ಕೂ ಮೈಯಲ್ಲಿ ಕಸುವಿರಲಿಲ್ಲ. ತಿಂಗಳುಗಟ್ಟಲೆ ಆಸ್ಪತ್ರೆಗೆ ಓಡಾಡಿ ಹಿಂಡಿದ ಬಟ್ಟೆಯಂತಾಗಿದ್ದಳು. ಗೋಡೆಗೆ ಒರಗಿ ಕೂತಳು. ನಾದಿನಿ ಇನ್ನೊಂದು ಬತ್ತಿ ಹಚ್ಚಿದಾಗ ತಡೆಯಲು ಏಳಲಿಲ್ಲ.

*

ಗಂಡನದು ವಿಸ್ಕಿ ಕಾರ್ಖಾನೆಯಲ್ಲಿ ರುಚಿ ನೋಡುವ ಕೆಲಸ. ಕುಡಿದು ಕೆಲಸ ಕಳೆದುಕೊಂಡವರನ್ನು ಕಂಡಿದ್ದೇವೆ, ಕುಡಿಯುವುದನ್ನೇ ಕೆಲಸ ಮಾಡಿಕೊಂಡ ಪುಣ್ಯಾತ್ಮ ಇವನೊಬ್ಬನೇ ಎಂದು ಓಣಿಯವರು ನಗುತ್ತಿದ್ದರು. ಅಸಲಿಗೆ ಅವನು ಮೂಸಿ, ನಾಲಿಗೆಗೆ ಮುಟ್ಟಿಸಿ, ಉಗಿದುಬಿಡುತ್ತಿದ್ದ. ಯಾವ ಪೀಪಾಯಿ ಹದಕ್ಕೆ ಬಂತು, ಯಾವುದು ಇನ್ನೂ ಮಲಗಬೇಕು ಎಂಬುದಕ್ಕೆ ಅವನ ಮಾತೇ ಕೊನೆ. ಜೊತೆಯವರು ‘ಮೂಗಿನ ಸಾಹೇಬರು’ ಎನ್ನುತ್ತಿದ್ದರು. ಆ ಮೂಗಿನ ದೆಸೆಯಿಂದ ಮನೆಯಲ್ಲಿ ಊದುಬತ್ತಿಯಿಲ್ಲ, ಪರಿಮಳದ ಸೋಪಿಲ್ಲ, ಅತ್ತರಂತೂ ದೂರದ ಮಾತು. ಮದುವೆಯ ಹೊಸದರಲ್ಲಿ ಅವಳಿಗೆ ಇದೊಳ್ಳೇ ಜೈಲಾಯಿತಲ್ಲ ಎನಿಸಿತ್ತು. ಬರಬರುತ್ತ ಅವಳ ಮೂಗೂ ಚುರುಕಾಯಿತು.

ಕೆಲವು ವರ್ಷಗಳ ಹಿಂದೆ ಅವನಿಗೊಂದು ಜ್ವರ ಬಂದು ಹೋಯಿತು. ಅದಾದ ಮೇಲೆ ಒಂದು ಬೆಳಿಗ್ಗೆ ಒಲೆಯ ಮೇಲೆ ಹಾಲು ಸೀದು ಮನೆಯೆಲ್ಲ ನಾರುತ್ತಿದ್ದರೂ ಅವನು ಪಕ್ಕದಲ್ಲೇ ಪೇಪರ್ ಓದುತ್ತ ಕೂತಿದ್ದ.

“ವಾಸನೆ ಬರ್ತಿಲ್ವಾ ನಿಮಗೆ?”

ಅವನು ಪೇಪರನ್ನು ಮಡಚಿಟ್ಟ. “ಯಾರಿಗೂ ಹೇಳಬೇಡ ಕಣೇ,” ಎಂದ.

ಅಂದಿನಿಂದ ಅವನ ಅಂಗಿಯ ಜೇಬಿನಲ್ಲಿ ಸಣ್ಣ ಸೀಸೆಗಳು ಮನೆಗೆ ಬರತೊಡಗಿದವು. ಅವಳು ಮೂಸಿ ಹೇಳುತ್ತಿದ್ದಳು. “ಇದು ಒದ್ದೆ ಗೋಣಿಚೀಲ. ಇದರಲ್ಲಿ ಒಣದ್ರಾಕ್ಷಿ ಇದೆ, ಹಿಂದೆ ಸ್ವಲ್ಪ ಹೊಸ ಚಪ್ಪಲಿ.” ಅವನು ನಕ್ಕು, ಆ ಚಪ್ಪಲಿಯನ್ನು ಕಾರ್ಖಾನೆಯ ಭಾಷೆಗೆ ತಿರುಗಿಸಿ ಮರುದಿನ ಒಪ್ಪಿಸುತ್ತಿದ್ದ. ಕೊನೆಗೆ ತಂದದ್ದು ಕೆಂಪು ವೈನ್ ತುಂಬಿಟ್ಟಿದ್ದ ಹಳೆಯ ಪೀಪಾಯಿಯಲ್ಲಿ ಹದಕ್ಕಿಟ್ಟ ಸಿಂಗಲ್ ಮಾಲ್ಟ್ ವಿಸ್ಕಿ.

“ದ್ರಾಕ್ಷಿ ಆ ಕಡೆ ಮುಖ ಮಾಡ್ಕೊಂಡಿದೆ, ಮರ ಈ ಕಡೆ. ಇನ್ನೂ ಬೇಡ,” ಎಂದಿದ್ದಳು.

ಕಾರ್ಖಾನೆಯಲ್ಲಿ ಹಾಗೇ ಹೇಳಿ ಬಂದು ಮಲಗಿದವನು ಮತ್ತೆ ಕೆಲಸಕ್ಕೆ ಹೋಗಲಿಲ್ಲ.

*

ದೇಹವನ್ನು ಎತ್ತುವ ಹೊತ್ತಿಗೆ ಕಾರ್ಖಾನೆಯ ಮ್ಯಾನೇಜರು ಬಂದರು. ಅದೇ ಪೀಪಾಯಿಯ ವಿಸ್ಕಿಯನ್ನು ಗ್ಲಾಸಿಗೆ ಸ್ವಲ್ಪ ಬಗ್ಗಿಸಿ ಸಾಹೇಬರ ತಲೆಯ ಬಳಿ ಇಟ್ಟರು.

“ಅವರ ಕೊನೇ ಮಾತು ‘ಇನ್ನೂ ಬೇಡ’ ಅಂತ, ಅಮ್ಮಾ. ಅದನ್ನ ಮೀರಲ್ಲ. ಇನ್ನೊಂದು ವರ್ಷ ಮಲಗಲಿ. ಆಮೇಲೆ ಬಾಟಲಿ ಮೇಲೆ ಅವರ ಹೆಸರೇ ಹಾಕ್ತೀವಿ.”

ತಲೆಯಾಡಿಸಿ ಮುಗಿಸಬೇಕೆಂದಿದ್ದಳು. ಅಷ್ಟರಲ್ಲಿ ಊದುಬತ್ತಿಯ ಹೊಗೆಯ ನಡುವೆಯೇ ಆ ವಾಸನೆ ಬಂತು. ಈ ಕೆಲವು ತಿಂಗಳಲ್ಲಿ ದ್ರಾಕ್ಷಿ, ಮರ ಒಂದಾಗಿದ್ದವು. ಅಂಚಿನಲ್ಲಿ ಆಗಲೇ ಸಣ್ಣಗೆ ಕಹಿ. ಈ ಸೆಕೆಯಲ್ಲಿ ಇನ್ನೊಂದು ವರ್ಷ ಬಿಟ್ಟರೆ ಬರೀ ಮರದ ಕಷಾಯ. ಬಾಯಿ ಬಿಟ್ಟರೆ ಅವನ ಗುಟ್ಟು ರಟ್ಟಾಗುತ್ತದೆ. ಸುಮ್ಮನಿದ್ದರೆ ಜನ ಅವನ ಹೆಸರಿನಲ್ಲಿ ಕಹಿ ಕುಡಿಯುತ್ತಾರೆ. ಸತ್ತ ದಿನವೂ ಈ ಮನುಷ್ಯ ತನ್ನನ್ನು ಕೆಲಸಕ್ಕೆ ಹಚ್ಚಿದನಲ್ಲ ಎಂದು ಅವಳಿಗೆ ಸಿಟ್ಟು ಬಂತು, ಸಂಕಟವೂ ಬಂತು.

“ಈಗಲೇ ತೆಗೀರಿ,” ಎಂದಳು. “ಅವರೇ ಹೇಳಿದ್ರು. ಹೋದ ವಾರ, ಆಸ್ಪತ್ರೇಲಿ.”

“ಹೋದ ವಾರ ಅಣ್ಣಂಗೆ ಮಾತೇ ನಿಂತಿತ್ತಲ್ಲ ಅತ್ತಿಗೆ,” ಎಂದಳು ನಾದಿನಿ.

ಅವಳು ಗ್ಲಾಸಿನಿಂದ ಮುಖ ತಿರುಗಿಸಿಕೊಂಡಳು.

ಮ್ಯಾನೇಜರು ಒಮ್ಮೆ ಗ್ಲಾಸನ್ನು, ಒಮ್ಮೆ ಅವಳನ್ನು ನೋಡಿದರು. ಎದ್ದು ಹೋಗಿ ಊದುಬತ್ತಿಯನ್ನು ಬೆರಳಲ್ಲಿ ಹೊಸಕಿ ಆರಿಸಿದರು. ಕಿಟಕಿ ತೆರೆದು, ಹೊಗೆ ಹೊರಟುಹೋಗುವವರೆಗೆ ಅಲ್ಲೇ ನಿಂತರು. ಆಮೇಲೆ ಸಾಹೇಬರ ತಲೆಯ ಬಳಿಯಿದ್ದ ಗ್ಲಾಸನ್ನು ಎತ್ತಿ, ಎರಡೂ ಕೈಯಲ್ಲಿ ಅವಳ ಮುಂದೆ ಹಿಡಿದರು.