ಹುತ್ತಕ್ಕೆ ಎರೆದ ಹಾಲು

ಯುದ್ಧದ ದೆಸೆಯಿಂದ ಸೀಮೆಎಣ್ಣೆಗೂ ತತ್ವಾರವಾಗಿದ್ದ ವರ್ಷ ಅದು. ಆ ಕಾರ್ತಿಕದಲ್ಲಿ ಸಣ್ಣತಾಯಮ್ಮನ ರೊಪ್ಪದಲ್ಲಿ ಐದು ಆಡಿನ ಮರಿ ಸತ್ತವು. ಹುಟ್ಟುವಾಗ ಚೆನ್ನಾಗಿಯೇ ಹುಟ್ಟುತ್ತಿದ್ದವು. ಮಾರನೆಯ ದಿನ ಭೇದಿ, ಮೂರನೆಯ ದಿನ ಕತ್ತು ನೆಲಕ್ಕೆ.

ಅವಳು ಮಾಡದ ಆರೈಕೆ ಇರಲಿಲ್ಲ. ಮಳವಳ್ಳಿ ಕಡೆಯ ಗುಡ್ಡದಿಂದ ಚಿರತೆ ಇಳಿದಿದೆಯೆಂದು ಗಬ್ಬದ ಆಡುಗಳನ್ನು ಮೇಯಲು ಬಿಡದೆ, ಸೊಪ್ಪು ತಂದುಹಾಕಿ, ಕಣ್ಣಲ್ಲಿ ಕಣ್ಣಿಟ್ಟು ಕಾದಳು. ಮರಿ ನೆಲಕ್ಕೆ ಬೀಳುವುದೇ ತಡ, ತಾಯಿಯ ಮೊದಲ ಹಾಲನ್ನು ಹನಿ ಉಳಿಸದೆ ಕರೆದು ಹುಣಿಸೆಮರದಡಿಯ ಹುತ್ತಕ್ಕೆ ಎರೆಯುತ್ತಿದ್ದಳು. ಹಸುವಿನ ಗಿಣ್ಣಾದರೆ ಬೆಲ್ಲ ಹಾಕಿ ಬಾಯಿ ಚಪ್ಪರಿಸುವ ಮನೆಯವರ ಲೆಕ್ಕದಲ್ಲಿ ಆಡಿನ ಹಳದಿ ಹಾಲು ಮಾತ್ರ ಮರಿಗೆ ನಂಜು. ಒಂದು ದಿನವಿಡೀ ಬೆಲ್ಲದ ನೀರು ಕುಡಿಸಿ ಆಮೇಲೆ ತಾಯಿಗೆ ಬಿಡಬೇಕು. ಅತ್ತೆ ಕಲಿಸಿದ ಕ್ರಮ. ಆ ಅತ್ತೆ ಸತ್ತು ಹತ್ತು ವರ್ಷವಾಗಿದ್ದರೂ ಸಣ್ಣತಾಯಮ್ಮನಿಗೆ ಅವಳ ಹೆದರಿಕೆ ಸತ್ತಿರಲಿಲ್ಲ.

ಮರಿ ಹೋದ ಸಂಕಟಕ್ಕಿಂತ ದೊಡ್ಡ ಭಯ ಇನ್ನೊಂದಿತ್ತು. ಸೊಸೆ ಶಿವನಂಜಮ್ಮನಿಗೆ ಒಂಬತ್ತು ತಿಂಗಳು; ತವರಿನಲ್ಲಿ ತಾಯಿಯಿಲ್ಲದ್ದರಿಂದ ಹೆರಿಗೆಯೂ ಇಲ್ಲೇ. ಪಕ್ಕದ ಮನೆಯ ಸೋಮಮ್ಮ, ನಾಲಗೆಗೆ ಮೂಗುದಾರವಿಲ್ಲದ ಹೆಂಗಸು, ನೀರು ಸೇದುತ್ತಾ ಅಂದುಬಿಟ್ಟಿದ್ದಳು: “ಮರಿ ನಿಲ್ದಿರೋ ಮನೇಲಿ ಕೂಸು ನಿಂತದಾ? ದ್ಯಾವ್ರಿಗೆ ಏನೋ ತಪ್ಪಾಗದೆ ಕಣಮ್ಮ.”

ಅಂದಿನಿಂದ ಸಣ್ಣತಾಯಮ್ಮನ ಕಿವಿಯೆಲ್ಲ ಸೊಸೆಯ ಕಡೆಗೇ. ಸೊಸೆ ನರಳಿದರೂ ಎದೆ ಝಲ್ಲೆನ್ನುತ್ತಿತ್ತು, ಸುಮ್ಮನಿದ್ದರೂ ಝಲ್ಲೆನ್ನುತ್ತಿತ್ತು.

ಉಳಿದದ್ದು ಒಂದೇ ಗಬ್ಬದ ಆಡು. ಅದೂ ಒಂದು ಬೆಳಿಗ್ಗೆ ಹಗ್ಗ ಕಡಿದು ಪರಾರಿ. ಗಂಡ ಕರಿಸಿದ್ದಯ್ಯನೂ ಅವಳೂ ಕೆರೆ ಏರಿಯುದ್ದಕ್ಕೂ ಹುಡುಕಿ, ಮಧ್ಯಾಹ್ನ ಹೊಂಗೆಮರದ ಬುಡದಲ್ಲಿ ಕಂಡರು. ಎರಡು ಮರಿ ಬಾಲ ಕುಣಿಸುತ್ತಾ ಕೆಚ್ಚಲಿಗೆ ಗುದ್ದುತ್ತಿದ್ದವು. ಬಾಯಿಯ ಸುತ್ತ ಹಳದಿ ನೊರೆ.

“ಅಯ್ಯೋ, ಕುಡ್ದುಬುಟ್ಟವಲ್ಲಾ!” ಸಣ್ಣತಾಯಮ್ಮ ಮರಿಗಳನ್ನು ಕಿತ್ತೆಳೆದಳು. ಒಂದರ ಬಾಯಿಗೆ ಬೆರಳಿಟ್ಟು ಕಕ್ಕಿಸಲು ನೋಡಿದಳು. ಅದು ಬೆರಳನ್ನೇ ಚೀಪಿತು.

“ಬುಡು ಅತ್ಲಾಗೆ. ಒಟ್ಟೆ ಸೇರಿದ್ದು ವಾಪಸ್ ಬಂದದಾ?” ಎಂದ ಕರಿಸಿದ್ದಯ್ಯ.

ಮಾರನೆಯ ದಿನ ಭೇದಿಯಾಗಲಿಲ್ಲ. ಸಮಾಧಾನವಾಗುವ ಬದಲು ಅವಳಿಗೆ ದಿಗಿಲೇ ಹೆಚ್ಚಾಯಿತು. ಮೂರನೆಯ ಬೆಳಿಗ್ಗೆ ರೊಪ್ಪದ ತಡಿಕೆ ಸರಿಸಿದಳು. ಎರಡೂ ಮರಿ ತಾಯಿಯ ಬೆನ್ನಿನ ಮೇಲೆ ಹತ್ತಲು ಜಗಳವಾಡುತ್ತಿದ್ದವು.

“ಓದ್ವರ್ಸ ಎಲ್ಲ ಗುಡ್ಡದಲ್ಲೇ ಮರಿ ಆಕಿದ್ವು, ಅಲ್ವಾ?” ಗಂಡನನ್ನು ಕೇಳಿದಳು.

“ಊಂ ಕಣೆ. ನಾವು ಓಗೋ ಒತ್ಗೆ ಕುಡ್ದಾಗಿರೋದು. ಅದ್ಕೇನೀಗ?”

“ಒಂದೂ ಸಾಯ್ನಿಲ್ಲ.”

ಸಣ್ಣತಾಯಮ್ಮ ಹುಣಿಸೆಮರದಡಿಯ ಹುತ್ತದ ಕಡೆ ನೋಡಿದಳು. ಐದು ಮರಿಗಳನ್ನು ಕೊಂದದ್ದು ದೇವರಲ್ಲ, ತಾನು. ಯೋಚನೆ ಅಲ್ಲಿಗೆ ನಿಂತಿದ್ದರೆ ಹೇಗೋ ತಡೆದುಕೊಳ್ಳುತ್ತಿದ್ದಳು. ನಿಲ್ಲಲಿಲ್ಲ. ಅವಳ ಚೊಚ್ಚಲ ಹೆಣ್ಣುಕೂಸು ಮೂರನೆಯ ದಿನ ಹೋಗಿತ್ತು. ಅಷ್ಟು ದಿನವೂ ಅತ್ತೆ ಅವಳ ಎದೆಹಾಲನ್ನು ಹಿಂಡಿಸಿ ನಡುಮನೆಯ ಗೋಡೆ ಬುಡಕ್ಕೆ ಚೆಲ್ಲಿಸಿ, ಕೂಸಿಗೆ ಬೆಲ್ಲದ ನೀರು ನೆಕ್ಕಿಸಿದ್ದಳು. ಆ ಹಾಲೂ ಹಳದಿಯೇ ಇತ್ತು.

ನಾಲ್ಕು ದಿನಕ್ಕೆ ಶಿವನಂಜಮ್ಮ ಹೆತ್ತಳು. ಗಂಡುಕೂಸು, ಸಣಕಲು, ದನಿ ಮಾತ್ರ ಜೋರು. ಸೂಲಗಿತ್ತಿ ಮಾಯಮ್ಮ ಬೆಲ್ಲದ ನೀರು ಕಲೆಸಿ, ಕೂಸಿಗೆ ಚೀಪಿಸುವ ಬಟ್ಟೆಯ ಬತ್ತಿ ಅದ್ದಲು ಕೂತಳು.

“ಅದು ಬ್ಯಾಡ. ಎದೆಗಾಕು,” ಎಂದಳು ಸಣ್ಣತಾಯಮ್ಮ.

“ನಂಜು ಕಣಮ್ಮ! ನಿಮ್ಮತ್ತೆ ಇದ್ದಿದ್ರೆ ಸುಮ್ಕಿರೋರಾ? ಕೂಸಿಗೇನಾರ ಆದ್ರೆ ನನ್ನ ಅನ್ಬ್ಯಾಡ.”

ಸೊಸೆ ಗಾಬರಿಯಿಂದ ಸಣ್ಣತಾಯಮ್ಮನ ಮುಖ ನೋಡಿದಳು. ಅವಳಿಗೂ ಹೆದರಿಕೆಯೇ. ಆಡಿನ ಲೆಕ್ಕವನ್ನು ಮನುಷ್ಯರಿಗೆ ಹಾಕಬಹುದೇ? ತಪ್ಪಾದರೆ ಮೊಮ್ಮಗನನ್ನೂ ತಾನೇ ಕೊಂದಂತಾಗುತ್ತದೆ. ಆದರೂ ಬಟ್ಟಲನ್ನು ಮಾಯಮ್ಮನ ಕೈಯಿಂದ ಕಿತ್ತುಕೊಂಡು ಹೊರಗೆ ನಡೆದಳು. ಬೆಲ್ಲದ ನೀರನ್ನು ಹುತ್ತಕ್ಕೆ ಸುರಿದು ಒಳಗೆ ಬಂದಳು.

“ಕುಡ್ಸವ್ವ,” ಎಂದಳು.

ಕೂಸು ತಡಕಾಡಿ ಬಾಯಿ ಹಾಕಿತು. ಚೀಪುವ ಸದ್ದು ಕೇಳಿಸಿದಾಗ ಸಣ್ಣತಾಯಮ್ಮ ಅಂದು ತನ್ನ ಹಾಲು ಚೆಲ್ಲಿದ್ದ ನಡುಮನೆಯ ಗೋಡೆಯ ಬುಡದಲ್ಲಿ ಕೂತು, ಇಪ್ಪತ್ತನಾಲ್ಕು ವರ್ಷದ ಹಿಂದೆ ಹೋದ ಮಗಳಿಗಾಗಿ ಮೊದಲ ಸಲ ದನಿ ತೆಗೆದು ಅತ್ತಳು.