ಪೆನ್ನಿನ ಜೇಬಿನ ಜುಬ್ಬಾ

ಸೇಡಂನ ಡಿ.ಎಡ್. ಕಾಲೇಜಿನಲ್ಲಿ ನಮ್ಮ ಸಂಘಪಾಲನಿಗೆ ಸೀಟು ಸಿಕ್ಕಿದ್ದು ಎರಡು ಸಾವಿರದ ನಾಲ್ಕರಲ್ಲಿ. ವಾಡಿ ಊರಿನ ನಮ್ಮ ಓಣಿಯಲ್ಲಿ ಅಲ್ಲಿಯವರೆಗೆ ಯಾರೂ ಮಾಸ್ತರಾಗಿರಲಿಲ್ಲ. ಅಪ್ಪ ಅಂಬಾರಾಯ ಅಲ್ಲೇ ನೆಲಕ್ಕೆ ಹಾಸುವ ಫರ್ಸಿ ಕಲ್ಲಿನ ಪಾಲಿಶ್ ಮಷೀನಿನ ಮೇಲೆ ದುಡಿಯುವವನು. ಆ ದಿನ ಕೈಕಾಲು ಕೂಡ ತೊಳೆಯದೆ, ಮೈಗೆಲ್ಲ ಕಲ್ಲಿನ ರಾಡಿ ಮೆತ್ತಿಕೊಂಡೇ ಓಣಿ ತುಂಬ ಪೇಡೆ ಹಂಚಿ ಬಂದ. ಸಂತೋಷ ನನಗೂ ಆಯಿತು. ಆದರೆ ಯೂನಿಫಾರ್ಮಿನ ಮಾತು ಬಂದಾಗ ಚಿಂತೆ ಹತ್ತಿತು. ಗಂಡಸರಿಗೆ ತಿಳಿನೀಲಿ ಅಂಗಿ, ಕಡುನೀಲಿ ಪ್ಯಾಂಟು. ಹೆಂಗಸರಿಗೆ ತಿಳಿನೀಲಿ ಸೀರೆ. ನಮ್ಮ ಪಾಲ ಇವೆರಡರಲ್ಲಿ ಯಾವುದೂ ಅಲ್ಲ.

ಹುಟ್ಟಿದಾಗ ಸೂಲಗಿತ್ತಿ ಗಂಡು ಎಂದಳು, ನಾವೂ ಹಾಗೇ ಅಂದುಕೊಂಡೆವು. ಆದರೆ ಬುದ್ಧಿ ತಿಳಿದಾಗಿನಿಂದ ಪಾಲ ನನಗೆ ತಮ್ಮನಾಗಲಿಲ್ಲ, ತಂಗಿಯೂ ಆಗಲಿಲ್ಲ. ನನ್ನ ಲಂಗ ಉಟ್ಟು ಕನ್ನಡಿ ನೋಡಿಕೊಂಡು "ಮೈತ್ರಕ್ಕಾ, ಇದೂ ನಂದಲ್ಲ" ಎಂದು ಬಿಚ್ಚಿಟ್ಟದ್ದು ನನಗೆ ನೆನಪಿದೆ. "ಮತ್ತ ನಿನಗ ಏನಂತ ಕರೀಲಿ?" ಎಂದು ಕೇಳಿದ್ದಕ್ಕೆ "ಪಾಲ ಅನ್ನು, ಸಾಕು" ಎಂಬ ಉತ್ತರ ಬಂತು. ಅದಕ್ಕೇ ಇಲ್ಲಿ ನಾನು ಅವರು, ಬಂದರು, ಹೋದರು ಎಂದೇ ಬರೆಯುತ್ತೇನೆ. ಸ್ವಂತ ಬೆನ್ನಿಗೆ ಬಿದ್ದವರಿಗೆ ಇಷ್ಟೊಂದು ಮರ್ಯಾದೆಯೇ ಎಂದು ಮೂಗು ಮುರಿಯುವವರು ಮುರಿದುಕೊಳ್ಳಲಿ. ಮಾಸ್ತರಿಗೆ ಊರೆಲ್ಲ ಹಾಗೇ ಅನ್ನುತ್ತದೆ.

ಓಣಿಯ ಹಿರಿಯರಿಗೆ ಪಾಲನ ವಿಷಯ ಗೊತ್ತಿರಲಿಲ್ಲ ಎಂದಲ್ಲ. ಅವರ ಹತ್ತಿರ ಇದಕ್ಕೆ ರೆಡಿ ಮದ್ದಿತ್ತು. "ಇಂಥಾವ್ರನ್ನ ಯಲ್ಲಮ್ಮ ಆರಿಸಿಕೊಂಡಿರ್ತಾಳ, ಅಂಬಾರಾಯ. ಸೀರಿ ಉಡಿಸಿ ಬುಟ್ಟಿ ಹೊರಸು, ಜೋಗಪ್ಪ ಆಗ್ಲಿ" ಎನ್ನುತ್ತಿದ್ದರು. ಅಪ್ಪ ಅವರ ಮೇಲೆ ಕೈ ಎತ್ತುವುದೊಂದು ಬಾಕಿ. ಅವನ ಸ್ವಂತ ಅಕ್ಕನನ್ನು ದೇವಿಗೆ ಬಿಟ್ಟಿದ್ದರು. ಅವಳು ತಲೆಯ ಮೇಲೆ ದೇವಿಯ ಬುಟ್ಟಿ ಹೊತ್ತು, ಮನೆಮನೆಯ ಜೋಳ ಬೇಡಿ, ಕೊನೆಗೆ ಶಹಾಬಾದ್ ಸ್ಟೇಷನ್ನಿನಲ್ಲಿ ಅನಾಥ ಹೆಣವಾದಳು. ಅಪ್ಪ ಬೌದ್ಧ ದೀಕ್ಷೆ ತೆಗೆದುಕೊಂಡ ದಿನವೇ ಆ ಬುಟ್ಟಿಯನ್ನು ಕಾಗಿಣಾ ಹೊಳೆಗೆ ಎಸೆದು ಬಂದಿದ್ದ. ಈ ಮನೆಯಿಂದ ಇನ್ನು ಯಾರೂ ದೇವಿಯ ಹೆಸರಿನಲ್ಲಿ ಕೈ ಒಡ್ಡಬಾರದು ಎಂಬುದೊಂದೇ ಅವನ ಹಟ.

ಬಟ್ಟೆಯ ಜವಾಬ್ದಾರಿ ನನ್ನದಾಯಿತು. ನಾನು ಆಗ ಶಹಾಬಾದಿನ ಒಂದು ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದೆ. ಕಾಲೇಜಿನದೇ ತಿಳಿನೀಲಿ, ಕಾಲೇಜಿನದೇ ಕಡುನೀಲಿ, ಬಣ್ಣದಲ್ಲಿ ಯಾರೂ ಬೆರಳು ತೋರಿಸಬಾರದೆಂದು ಥಾನಿನ ಮೇಲೆ ಥಾನು ಬಿಚ್ಚಿಸಿ ಹೊಂದಿಸಿದೆ. ಪಾಲ ಮತ್ತು ನಾನು ಅದನ್ನು ತೆಗೆದುಕೊಂಡು ನಮ್ಮ ಓಣಿಯ ಸೈದಾನಬಿಯ ಮನೆಗೆ ಹೋದೆವು. ಅವಳು ಮನೆಯಲ್ಲೇ ಮಷೀನು ಇಟ್ಟುಕೊಂಡು ಹೊಲಿಯುತ್ತಿದ್ದಳು.

"ಮಾಸ್ತರಂಗ ಕಾಣಬೇಕು, ಖಾಲಾ. ಗಂಡಸಂಗೂ ಬ್ಯಾಡ, ಹೆಂಗಸಂಗೂ ಬ್ಯಾಡ" ಎಂದರು ಪಾಲ.

"ಯಾ ಅಲ್ಲಾ, ಹಂಗಂದ್ರ ಹೆಂಗ ಹೊಲೀಬೇಕು?"

"ಮೊಣಕಾಲತನಕ ಜುಬ್ಬಾ. ಕಾಲರ್ ಇರಲಿ. ಕೆಳಗ ಸಡಿಲ ಪೈಜಾಮಾ. ಎದಿ ಮ್ಯಾಲ ಪೆನ್ನಿಂದು ಜೇಬು ಬೇಕೇ ಬೇಕು."

ಸೈದಾನಬಿ ನಕ್ಕಳು, ಅಳತೆ ತೆಗೆದುಕೊಂಡಳು, ಹೊಲಿದುಕೊಟ್ಟಳು. ಅದನ್ನು ಹಾಕಿಕೊಂಡು ಪಾಲ ಮನೆಯ ನಡುವೆ ನಿಂತಾಗ ಅವ್ವ ಯಂಕಮ್ಮ ರೊಟ್ಟಿ ಬಡಿಯುವುದನ್ನು ಬಿಟ್ಟು ನೋಡಿದಳು. ಭುಜ ಸೆಟೆಸಿಕೊಂಡು, ಜೇಬಿಗೆ ಪೆನ್ನು ಸಿಕ್ಕಿಸಿಕೊಂಡು ನಿಂತ ಈ ವ್ಯಕ್ತಿಯನ್ನು ನಾನೂ ಅದೇ ಮೊದಲು ನೋಡಿದ್ದು. ಅಲ್ಲಿಯತನಕ ಪಾಲ ಯಾವಾಗಲೂ ಎರವಲು ಬಟ್ಟೆಯಲ್ಲಿ ಇದ್ದವರಂತೆ ಮೈ ಹಿಡಿ ಮಾಡಿಕೊಂಡೇ ಇರುತ್ತಿದ್ದರು. ಪ್ಯಾಂಟೇ ಹಾಕು ಎಂದು ವಾರದಿಂದ ಗೊಣಗುತ್ತಿದ್ದ ಅಪ್ಪ ಕೂಡ "ಪುಢಾರಿ ಆಗೀದಿ ನೋಡು" ಎಂದು ಚೇಷ್ಟೆ ಮಾಡಿದ. ನಮ್ಮ ಮನೆಯ ಸುಖ ಅಷ್ಟೇ, ಅಲ್ಲಿಗೆ ಮುಗಿಯಿತು.

ಆ ವರ್ಷ ಅಡ್ಮಿಷನ್ ತಡವಾಗಿ ಕಾಲೇಜು ಶುರುವಾದದ್ದೇ ಡಿಸೆಂಬರಿನಲ್ಲಿ. ಮೊದಲ ದಿನ ಪ್ರಾರ್ಥನೆಗೆ ಗಂಡಸರದೊಂದು ಸಾಲು, ಹೆಂಗಸರದೊಂದು ಸಾಲು. ಪಾಲ ಎರಡರ ನಡುವೆ ನಿಂತರಂತೆ. ಹಿಂದಿನಿಂದ ಯಾರೋ ಸೀಟಿ ಹೊಡೆದರಂತೆ. ಪ್ರಾರ್ಥನೆ ಅರ್ಧಕ್ಕೇ ನಿಂತು, ನಾಳೆ ತಂದೆಯನ್ನು ಕರೆದುಕೊಂಡು ಬಾ ಎಂದು ಕಳಿಸಿದರು.

ಮರುದಿನ ಪಾಲ ಮತ್ತು ಅಪ್ಪನ ಜೊತೆ ನಾನೂ ಹೋದೆ. ಪ್ರಿನ್ಸಿಪಾಲ್ ದೇವೀಂದ್ರಪ್ಪ ಕೆಟ್ಟ ಮನುಷ್ಯರಲ್ಲ. ಕೆಟ್ಟವರಾಗಿದ್ದರೆ ಜಗಳವಾದರೂ ಆಡಿ ಬರಬಹುದಿತ್ತು. ಅಪ್ಪನನ್ನು ಕುರ್ಚಿಯ ಮೇಲೆ ಕೂಡಿಸಿ, ಚಹಾ ತರಿಸಿ ಮಾತಾಡಿದರು.

"ನೋಡ್ರಿ ಅಂಬಾರಾಯ, ನಿಮ್ಮ ಹುಡುಗ ಭಾಳ ಶಾಣ್ಯಾ ಅದಾನ. ಆದ್ರ ಹಿಂಗ ಬಂದ್ರ ಒಳಗ ಬಿಡ್ಲಿಕ್ಕ ಬರಂಗಿಲ್ಲ. ನಾಳಿಗಿ ಪ್ಯಾಂಟ್ ಹಾಕ್ಕೊಂಡು ಬರ್ಲಿ. ಇಲ್ಲಾಂದ್ರ ಸೀಟು ಬ್ಯಾರೆಯವ್ರಿಗಿ ಹೋಗ್ತದ."

ನನಗೆ ತಡೆಯಲಾಗಲಿಲ್ಲ. ಕಿಟಕಿಯ ಆಚೆ ಒಬ್ಬ ಹುಡುಗ ಕರಿ ಅಂಗಿ, ಕರಿ ಲುಂಗಿಯಲ್ಲಿ ಬರಿಗಾಲಲ್ಲಿ ಹೋಗುತ್ತಿದ್ದ. "ಅಂವಗ ಬಿಟ್ಟೀರಲ್ರಿ ಸರ್? ಅಂವ ಎಲ್ಲಿ ಯೂನಿಫಾರ್ಮ್ ಹಾಕ್ಯಾನ?"

"ಅಂವ ಅಯ್ಯಪ್ಪನ ಮಾಲಿ ಹಾಕ್ಯಾನವ್ವ. ದೇವ್ರ ಕಾರಣಕ್ಕಾದ್ರ ನಾ ಯಾರಿಗೂ ತಡಿಯಂಗಿಲ್ಲ." ಹಾಗೆಂದವರು ಪಾಲನನ್ನು ಅಡಿಯಿಂದ ಮುಡಿಯವರೆಗೆ ನೋಡಿ ದನಿ ಇಳಿಸಿದರು. "ಹಂಗೇನರ ಅದ ಏನ್ರಿ? ದೇವಿದು ಏನರ?"

"ಇಲ್ರಿ ಸರ್" ಎಂದರು ಪಾಲ. "ದೇವಿ ಇಲ್ಲ, ಏನಿಲ್ಲ. ನಾ ಇರೋದೇ ಹಿಂಗ್ರಿ."

ಅಪ್ಪ ಚಹಾದ ಕಪ್ಪನ್ನು ನೆಲಕ್ಕಿಟ್ಟ. "ಕೂಸಿಗಿ ಗೊತ್ತಿಲ್ರಿ ಸಾಹೇಬ್ರ. ಅವನ ಮೈಯಾಗ ದೇವಿ ಬಂದಾಳ್ರಿ. ಯಲ್ಲಮ್ಮ."

ದೇವೀಂದ್ರಪ್ಪ ಕುರ್ಚಿಯಿಂದ ಎದ್ದು ನಿಂತರು. ಮೇಜಿನ ಕೆಳಗೆ ಚಪ್ಪಲಿ ಬಿಟ್ಟು, ಆಚೆ ಬಂದು, ಪಾಲನಿಗೆ ಕೈ ಮುಗಿದರು. ಪಾಲ ಹಿಂದೆ ಸರಿದು ಗೋಡೆಗೆ ಒತ್ತಿಕೊಂಡು ನಿಂತರು.

"ಮೊದ್ಲೇ ಹೇಳಬಾರದೇನ್ರಿ? ನನಗ ಪಾಪದಾಗ ಹಾಕ್ತಿದ್ರಿ" ಎಂದರು ಪ್ರಿನ್ಸಿಪಾಲರು. ಬಳಿಕ ಜುಬ್ಬಾದ ಕಡೆ ಕಣ್ಣು ಹೋಯಿತು. "ಆದ್ರ ದೇವಿ ಬಂದವ್ರು ಸೀರಿ ಉಡ್ತಾರಲ್ರಿ? ಇದ್ಯಾಕ? ಹಸರು ಸೀರಿ ಉಟ್ಟು ಬರ್ಲಿ. ಯಾರರ ಕೇಳಿದ್ರ ನಾ ಉತ್ರ ಕೊಡ್ತೀನಿ."

ವಾಡಿಗೆ ಮರಳುವಾಗ ರೈಲು ಚಿತ್ತಾಪುರ ದಾಟಿತು. ಆಮೇಲೆ ಪಾಲ ಕೇಳಿದರು. "ಅಪ್ಪಾ, ಏನು ಮಾಡ್ದಿ ನೀ?"

"ಕೋರ್ಸ್ ಮುಗಿಯೋತನಕ ಅಷ್ಟೇ, ಪಾಲಾ. ನೌಕರಿ ಆದ ಮ್ಯಾಲ ನಿನಗ ಬೇಕಾದ್ದು ಹಾಕ್ಕೋ, ನಾ ಕೇಳಂಗಿಲ್ಲ" ಎಂದು ಅಪ್ಪ ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡ. ದೀಕ್ಷೆ ತೆಗೆದುಕೊಂಡವನು, ದೇವಿಯನ್ನು ಹೊಳೆಗೆ ಹಾಕಿದವನು. ನನಗೆ ಅವನ ಮೇಲೆ ಸಿಟ್ಟೂ ಬಂತು, ಅವನನ್ನು ನೋಡಿ ಕನಿಕರವೂ ಆಯಿತು.

"ಪಾಠ ಮಾಡ್ಲಿಕ್ಕ ಬಿಡ್ತಾರ?"

"ಬಿಡ್ತಾರ."

"ಹಂಗಾರ ಉಡ್ತೀನಿ" ಎಂದರು ಪಾಲ. ಜುಬ್ಬಾ ಟ್ರಂಕಿನ ತಳ ಸೇರಿತು.

ಕಾಲೇಜಿನಲ್ಲಿ ಸೀಟಿ ನಿಂತಿತು, ನಿಜ. ಅದರ ಬದಲು ಹುಡುಗಿಯರು ಪರೀಕ್ಷೆಗೆ ಮೊದಲು ಕಾಲು ಮುಟ್ಟುತ್ತಿದ್ದರು. ಯಾರೂ ಪಕ್ಕದಲ್ಲಿ ಕೂಡುತ್ತಿರಲಿಲ್ಲ, ಊಟದ ಡಬ್ಬಿ ಹಂಚಿಕೊಳ್ಳುತ್ತಿರಲಿಲ್ಲ. ಕಾಲಿಗೆ ಬೀಳಲು ಬಂದವರಿಂದ ಪಾಲ ಪ್ರತಿಸಲ ಹಾರಿ ಹಿಂದೆ ಸರಿಯುತ್ತಿದ್ದರು. ಅದನ್ನೂ ದೇವಿಯ ಆಟವೆಂದೇ ತಿಳಿದರು. ಪಾಲ ಎಲ್ಲವನ್ನೂ ಹಲ್ಲು ಕಚ್ಚಿ ಸಹಿಸಿದ್ದು ಪಾಠದ ಆಸೆಯೊಂದಕ್ಕೆ. ಪಾಠ ಹೇಳುವ ಅಭ್ಯಾಸಕ್ಕೆ ಚಿತ್ತಾಪುರದ ದಾರಿಯಲ್ಲಿನ ಒಂದು ಹಳ್ಳಿಯ ಶಾಲೆಗೆ ಹಾಕಿದಾಗ ರಾತ್ರಿಯಿಡೀ ಕೂತು ರಟ್ಟು ಕತ್ತರಿಸಿ, ಮಗ್ಗಿಯ ಚಕ್ರ ಮಾಡಿಕೊಂಡು ಹೋದರು.

ಆ ಶಾಲೆಯ ಹೆಡ್ ಮಾಸ್ತರ್ ಹಣಮಪ್ಪ ಅಷ್ಟರಲ್ಲೇ ಊರಿಗೆಲ್ಲ ಸುದ್ದಿ ಮುಟ್ಟಿಸಿದ್ದರು. ಕರಿಹಲಗೆಯ ಕೆಳಗೆ ಚಾಪೆ ಹಾಸಿ, ಊದಿನಕಡ್ಡಿ ಹಚ್ಚಿಟ್ಟಿದ್ದರು. ಪಾಲ ಕಡ್ಡಿ ಆರಿಸಿ, ಚಾಪೆ ಸುತ್ತಿಟ್ಟು, ಚಕ್ರ ತಿರುಗಿಸಿ "ಏಳೆಂಟ್ಲೆ ಎಷ್ಟು?" ಎಂದು ಕೇಳಿದರು. ಮಕ್ಕಳು ಕೈ ಮುಗಿದುಕೊಂಡೇ ಕೂತಿದ್ದವು. ಕೊನೆಗೆ ಮುಂದಿನ ಸಾಲಿನ ಹುಡುಗಿ ಎದ್ದು ನಿಂತಳು. ಉತ್ತರ ಬಂತೆಂದು ಪಾಲ ಖುಷಿಪಟ್ಟರಂತೆ.

"ನಮ್ಮವ್ವಗ ಜ್ವರ ಬಂದು ಭಾಳ ದಿನ ಆಯ್ತು. ಬದುಕ್ತಾಳೇನ್ರಿ ತಾಯಿ?"

"ನಂಗ ಗೊತ್ತಿಲ್ಲ ಕೂಸೇ. ದವಾಖಾನಿಗಿ ಕರಕೊಂಡು ಹೋಗ್ಲಿಕ್ಕ ಹೇಳು" ಎಂದರು ಪಾಲ. ಹುಡುಗಿ ಅಳುತ್ತ ಮನೆಗೆ ಓಡಿದಳು.

ಮರುದಿನ ಭಾನುವಾರ. ನಮ್ಮ ಬಾಗಿಲ ಮುಂದೆ ಒಂದು ಟಂಟಂ ಆಟೋ ಬಂದು ನಿಂತಿತು. ಇಳಿದವನು ಆ ಹುಡುಗಿಯ ಅಪ್ಪ ಸಾಬಣ್ಣ. ಒಳಗೆ ಅವನ ಹೆಂಡತಿ ಕೌದಿಯಲ್ಲಿ ಸುತ್ತಿಕೊಂಡು ಬಿದ್ದಿದ್ದಳು, ಕಣ್ಣುಗುಡ್ಡೆ ಮೇಲೆ ಸಿಕ್ಕಿಕೊಂಡಿತ್ತು. ಚಿತ್ತಾಪುರದ ಸರಕಾರಿ ದವಾಖಾನೆಯ ಮುಂದಿನಿಂದಲೇ ಹಾಯ್ದು ಬಂದಿದ್ದರು ಇವರು.

"ಬರಿಗೈಲೆ ಕೇಳಿದಕ್ಕ ದೇವಿ ಬಾಯಿ ಬಿಡಲಿಲ್ಲ ಅಂದ್ರು. ಕಾಯಿ, ಭಂಡಾರ ತಂದೀನ್ರಿ" ಎಂದು ಸಾಬಣ್ಣ ಅರಿಶಿನದ ಪೊಟ್ಟಣ ತೆಗೆದ.

ಅಪ್ಪ ಬಾಗಿಲಲ್ಲಿ ಅಡ್ಡ ನಿಂತಿದ್ದ. ಅಲ್ಲ ಎಂದರೆ ಸೀಟು ಹೋಗುತ್ತದೆ. ಹೌದು ಎಂದರೆ ಆ ಹೆಂಗಸು ನಮ್ಮ ಅಂಗಳದಲ್ಲೇ ಸಾಯುತ್ತಾಳೆ. ಇಡೀ ಓಣಿ ಸೇರಿತ್ತು. ಅವನು ಹಾಗೇ ನಿಂತಿರುವಾಗ ಪಾಲ ಅವನನ್ನು ಪಕ್ಕಕ್ಕೆ ಸರಿಸಿ ಹೊರಗೆ ಬಂದರು. ಸುದ್ದಿ ಹಬ್ಬಿದಾಗಿನಿಂದ ಮನೆಯಲ್ಲೂ ಉಡಬೇಕಾಗಿದ್ದ ಹಸಿರು ಸೀರೆಯನ್ನು ಎಲ್ಲರ ಮುಂದೆ ಎಳೆದು ಬಿಚ್ಚಿ ಎಸೆದು, ಬನಿಯನ್, ಲಂಗದಲ್ಲಿ ನಿಂತು ಕೂಗಿದರು.

"ನಾ ದೇವಿ ಅಲ್ಲ! ನಮ್ಮಪ್ಪ ಸೀಟಿನ ಸಲುವಾಗಿ ಸುಳ್ಳ ಹೇಳ್ಯಾನ. ನಾ ಮಾಸ್ತರಕಿ ಕಲೀಲಿಕತ್ತೀನಿ, ನಿಮ್ಮಂಗೇ ಮನಷ್ಯಾ ಅದೀನಿ. ನಿಮ್ಮ ಕಾಲು ಬೀಳ್ತೀನಿ, ದವಾಖಾನಿಗಿ ಒಯ್ರಿ!"

ನಿಜಕ್ಕೂ ಸಾಬಣ್ಣನ ಕಾಲಿಗೆ ಬಿದ್ದರು. ಅವನು ಬೆಚ್ಚಿ ಬೆದರಿ ಟಂಟಂ ಹತ್ತಿದ. ಗಾಡಿ ತಿರುಗಿ ಹೋಯಿತು. ಪಾಲ ಒಳಗೆ ಬಂದು ಟ್ರಂಕಿನಿಂದ ಜುಬ್ಬಾ ತೆಗೆದು ಹಾಕಿಕೊಂಡರು. ಅಪ್ಪ ಮೂಲೆಯಲ್ಲಿ ಕೂತು "ಸೀಟು ಹೋಯ್ತು" ಎಂದ. "ಹೋಗ್ಲಿ" ಎಂದರು ಪಾಲ. ಮುಖ ಹಗುರಾಗಿತ್ತು. ಆ ದಿನಗಳಲ್ಲಿ ಅವರು ಹೊಟ್ಟೆತುಂಬ ಉಂಡದ್ದು ನಾನು ನೋಡಿದ್ದು ಆಗಲೇ.

ಆ ವಾರ ಅವರು ಕಾಲೇಜಿನ ಕಡೆ ಸುಳಿಯಲಿಲ್ಲ. ಮುಂದಿನ ಭಾನುವಾರ ಸಾಬಣ್ಣ ಮತ್ತೆ ಬಂದ. ಈ ಸಲ ಒಬ್ಬನೇ ಅಲ್ಲ. ಅವನ ಹಳ್ಳಿಯ ಹತ್ತಾರು ಜನ, ಹೆಡ್ ಮಾಸ್ತರ್ ಹಣಮಪ್ಪ, ಎಲ್ಲರಿಗಿಂತ ಮುಂದೆ ಪ್ರಿನ್ಸಿಪಾಲ್ ದೇವೀಂದ್ರಪ್ಪ. ಹೆಂಡತಿ ಬದುಕಿದ್ದಾಳೆ, ಇನ್ನೊಂದು ತಾಸು ತಡವಾಗಿದ್ದರೆ ಕೈಮೀರುತ್ತಿತ್ತು ಎಂದು ಡಾಕ್ಟರು ಹೇಳಿದರಂತೆ. ನನ್ನ ಕಣ್ಣಲ್ಲಿ ನೀರೇ ಬಂತು.

"ದೇವಿ ಸಿಟ್ಟಿಗೆದ್ದು ಸೀರಿ ಬಿಚ್ಚಿ ಒಗದಳು, ಸರ್" ಎಂದು ಸಾಬಣ್ಣ ಪ್ರಿನ್ಸಿಪಾಲರಿಗೆ ವರ್ಣಿಸುತ್ತಿದ್ದ. "ನಾ ದೇವಿ ಅಲ್ಲ ಅಂತ ಗುಡುಗಿದಳು. ಆ ಆರ್ಭಟಕ್ಕ ನಾ ನಡುಗಿ ದವಾಖಾನಿಗಿ ಹೋದೆ. ಜೀವ ಉಳಿಸಿದಳು ತಾಯಿ."

"ಖರೆ ದೇವಿ ಇದ್ದಲ್ಲಿ ಹಂಗೇ ಅಂತಾಳ" ಎಂದು ದೇವೀಂದ್ರಪ್ಪ ತಲೆದೂಗಿದರು. ಬಳಿಕ ಜುಬ್ಬಾದಲ್ಲಿ ನಿಂತ ಪಾಲನ ಕಡೆ ತಿರುಗಿ ಕೈ ಮುಗಿದರು. "ನೀವು ಕಾಲೇಜಿಗಿ ಬರ್ಲೇಬೇಕು. ಪಾಠ ಗೀಠ ಏನೂ ಬ್ಯಾಡ್ರಿ, ನಂಬರ್ ನಾವೇ ಹಾಕ್ತೀವಿ. ದೇವಿಗಿ ಪರೀಕ್ಷಾ ಮಾಡ್ಲಿಕ್ಕ ನಾವ್ಯಾರು?"

ಸಾಬಣ್ಣ ಪಾಲನ ಕಾಲಿಗೆ ಬಿದ್ದ. ಪಾಲ ಹಿಂದೆ ಸರಿಯಲಿಲ್ಲ. ಬಗ್ಗಿದ ಆ ತಲೆಯನ್ನೇ ನೋಡುತ್ತ ನಿಂತಿದ್ದರು.

ಮರುದಿನ ಬೆಳಿಗ್ಗೆ ನಾನು ಏಳುವ ಹೊತ್ತಿಗೆ ಪಾಲ ಹಸಿರು ಸೀರೆ ಉಟ್ಟು ಕನ್ನಡಿಯ ಮುಂದೆ ನಿಂತಿದ್ದರು. ಸಾಬಣ್ಣ ಬಿಟ್ಟುಹೋದ ಭಂಡಾರವನ್ನು ತಾವೇ ಹಣೆಗೆ ಹಚ್ಚಿಕೊಳ್ಳುತ್ತಿದ್ದರು. ನಾನು ಅವರ ಕೈ ಹಿಡಿದೆ.

"ಬ್ಯಾಡ ಪಾಲಾ. ಹಿಂಗ ಹೋಗಬ್ಯಾಡ. ಖರೆ ಏನದ ಹೇಳಿ ಬಿಡು."

"ಹೇಳಿದ್ನಲ್ಲ, ಅಕ್ಕಾ. ಯಾರು ನಂಬಿದ್ರು?" ಎಂದು ಕೈ ಬಿಡಿಸಿಕೊಂಡು, ಸೆರಗು ತಲೆಯ ಮೇಲೆ ಹೊದ್ದು, ರೈಲಿಗೆ ಹೊರಟರು.