ಕವಚ ತಂದುಕೊಟ್ಟ ತಾಯಿ

ಹೆಪ್ಪುಗಟ್ಟಿದ ಇಬ್ಬನಿ ಹುಡುಗಿಯರ ಬೂಟಿನಡಿ ಹಪ್ಪಳದಂತೆ ಕರಕರ ಮುರಿಯುತ್ತಿದೆ, ಒಂಬತ್ತನೇ ನಂಬರಿನ ಜೆರ್ಸಿ ಎಲ್ಲಿ, ಅಗೋ ಮಾನ್ಯ, ತನ್ನ ಮಗಳು, ರಗ್ಬಿ ಫೈನಲ್ಲು, ಆ ಜೆರ್ಸಿಯ ಕೆಸರನ್ನು ತಿಕ್ಕಿ ತಿಕ್ಕಿ ಒಗೆದವಳು ತಾನೇ, ವಾಸಂತಿ ಚಳಿಗೆ ಕೋಟಿನ ಜೇಬಿಗೆ ಕೈ ಹಾಕಿದರೆ ಒದ್ದೆ ಬಟ್ಟೆ — ಬೆಳಿಗ್ಗೆ ಮೇಜು ಒರೆಸಿದ್ದು, ಗಂಡ ಬದರಿನಾಥ್ ಅಡುಗೆಮನೆಗೆ ಬಂದನೆಂದು ಗಡಿಬಿಡಿಯಲ್ಲಿ ಇಲ್ಲಿ ತುರುಕಿದ್ದು, ಹಾಲು, ಬಟ್ಟಲಿಗಲ್ಲ, ಬಟ್ಟಲಿನ ಪಕ್ಕಕ್ಕೆ, ಮಾನ್ಯ ಸುರಿಯುತ್ತಲೇ ಇದ್ದಳು, ಮೇಜಿನ ಅಂಚಿನಿಂದ ನೆಲಕ್ಕೆ ಇಳಿದರೂ ಅವಳಿಗೆ ಗೊತ್ತಾಗಲಿಲ್ಲ. ಮಂಗಳವಾರ ಮನೆ ಹತ್ತಿರದ ರಿಕ್ಕರ್ಟನ್ ಪಾರ್ಕಿನಲ್ಲಿ ಗೆಳತಿಯ ಜೊತೆ ಆಡುವಾಗ ತಲೆಗೆ ಮಂಡಿ ಬಡಿದು ಅರೆಗಳಿಗೆ ಎಚ್ಚರ ತಪ್ಪಿದ್ದಳಂತೆ, ಕೋಚ್‌ಗೆ ತಿಳಿದರೆ ಮೂರು ವಾರ ಆಟವಿಲ್ಲ, ಮಮ್, ಪ್ಲೀಸ್ ಡೋಂಟ್ ಟೆಲ್ ಹರ್, ಇಟ್ಸ್ ದ ಫೈನಲ್, ಅಪ್ಪಂಗೂ ಹೇಳ್ಬೇಡ, ಕನ್ನಡದಲ್ಲಿ ಬೇಡಿದಳಲ್ಲ, ಬೇಕಾದಾಗ ಮಾತ್ರ ಬರುತ್ತದೆ ಕನ್ನಡ, ಕರಗಿ ಹೂಂ ಅಂದುಬಿಟ್ಟಳು ವಾಸಂತಿ, ಈಗ ಬಾಯಲ್ಲಿ ಬಿಸಿ ತುಪ್ಪ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ.

ನೋಡೇ ನಿನ್ ಹುಲಿಮರೀನ, ಒಂಚೂರೂ ಹೆದ್ರಿಕೆ ಇಲ್ಲ, ಬದರಿನಾಥ್ ಹೊಸ ಡಿಜಿಟಲ್ ಕ್ಯಾಮೆರಾ ಹಿಡಿದು ಅತ್ತಿಂದಿತ್ತ ಓಡಾಡುತ್ತಿದ್ದಾನೆ, ಹೆದರಿಕೆ ಹೇಗಿರುತ್ತದೆ, ಅವಳ ತಲೆತುಂಬ ಗ್ರೀಕರು, ಶಾಲೆಯಲ್ಲಿ ಕ್ಲಾಸಿಕಲ್ ಸ್ಟಡೀಸ್, ಊಟಕ್ಕೆ ಕೂತರೂ ಯಾವನೋ ಗ್ರೀಕ್ ವೀರನ ಕಾವ್ಯ, ಹಿ ಹ್ಯಾಡ್ ಅ ಚಾಯ್ಸ್, ಮಮ್, ಮನೆಯಲ್ಲಿದ್ದರೆ ಮುದುಕನಾಗಿ ಹೆಸರಿಲ್ಲದೆ ಸಾಯುತ್ತಿದ್ದ, ಯುದ್ಧಕ್ಕಿಳಿದರೆ ಆಯುಸ್ಸು ಕಡಿಮೆ, ಹೆಸರಿಗೆ ಸಾವಿಲ್ಲ — ಅವರಮ್ಮ ಏನಂದ್ಳೇ? ಶಿ ನ್ಯೂ, ಶಿ ಕ್ರೈಡ್, ಅತ್ತು ತಾನೇ ಹೋಗಿ ಹೊಸ ಕವಚ ಮಾಡಿಸಿ ತಂದುಕೊಟ್ಟಳು, ಎಂಥಾ ತಾಯಿನೋ ಅಂದು ಸಾರು ಬಡಿಸಿದ್ದಳು ವಾಸಂತಿ, ಆ ತಾಯಿ ಕವಚ ತಂದಳು, ಈ ತಾಯಿ ಜೆರ್ಸಿ ಒಗೆದಳು, ಹಲ್ಲಿಗೆ ಗಾರ್ಡು ಕೊಡಿಸಿದಳು, ಹಾಲು ಒರೆಸಿದಳು. ಹೆಸರಂತೆ ಹೆಸರು, ಚನ್ನರಾಯಪಟ್ಟಣದಲ್ಲಿ ಅಜ್ಜಿಯ ಮನೆಯ ಹಿಂದೆ ವೀರಗಲ್ಲಿತ್ತು, ಕತ್ತಿ ಎತ್ತಿದವನನ್ನು ಅಪ್ಸರೆಯರು ಹೊತ್ತೊಯ್ಯುತ್ತಿದ್ದರು, ಅವನ ತಲೆಯ ಮೇಲೆ ಅಜ್ಜಿ ಲಂಗ ಒಣಹಾಕುತ್ತಿದ್ದಳು, ಯಾರಜ್ಜಿ ಇವ್ನು, ಯಾವನೋ ಸತ್ತೋನು ಕಣೇ. ತಲೆ ಗಟ್ಟಿಯಿದೆ ಎಂದು ಬಂಡೆಗೆ ಹಾಯಬೇಡ ಕಣೇ ಎಂದು ಮಗಳಿಗೆ ಹೇಳಬಹುದಿತ್ತು, ಹೇಳಲಿಲ್ಲ, ಹೋದ ವಾರ ಅವಳ ಆಟವನ್ನು ಇಲ್ಲಿನವರೆಲ್ಲ ಹೊಗಳಿದಾಗ ತನಗೂ ಹಿಗ್ಗಾಗಿತ್ತಲ್ಲ — ಕೋಚೇ ಹತ್ತಿರ ಬಂದಳು, ಹೌ ಈಸ್ ಶಿ, ಲುಕ್ಸ್ ಅ ಬಿಟ್ ಪೇಲ್, ಈಗ, ಈಗಲೇ ಹೇಳು, ದೂರದಿಂದ ಮಾನ್ಯ ನೋಡುತ್ತಿದ್ದಾಳೆ, ತುಟಿ ಬಿಗಿದು ನೋಡುತ್ತಿದ್ದಾಳೆ, ಗುಡ್, ಅಂದಿತು ವಾಸಂತಿಯ ಬಾಯಿ, ಆಲ್ ಗುಡ್.

ಸೀಟಿ, ಕೂಗು, ಕಾಲುಗಳ ಗುಂಪಿನಿಂದ ಚೆಂಡು ಆಚೆ ಬಂತು, ಜೊತೆಯವಳೊಬ್ಬಳು ಎತ್ತಿ ಎಸೆದಳು, ನೇರ ಮಾನ್ಯಳ ಕಡೆಗೇ, ಸುಲಭದ ಎಸೆತ, ಮಾನ್ಯ ಎರಡೂ ಕೈ ಚಾಚಿದಳು, ಚೆಂಡಿಗಲ್ಲ, ಚೆಂಡಿನ ಪಕ್ಕಕ್ಕೆ, ಹಿಡಿದೆನೆಂದು ನಗುತ್ತಾ ಖಾಲಿ ಕೈಗಳನ್ನು ಎದೆಗೆ ಅವುಚಿಕೊಂಡಳು, ಎದುರಿನಿಂದ ಇಬ್ಬರು ತಲೆ ತಗ್ಗಿಸಿ ನುಗ್ಗುತ್ತಿದ್ದಾರೆ, ಲೇ ವಾಸಂತಿ ಎಲ್ಲಿಗೇ, ಮೈದಾನದ ಬಿಳಿ ಗೆರೆ ಹಿಂದಾಯಿತು, ಒದ್ದೆ ಬಟ್ಟೆ ಮುಷ್ಟಿಯಲ್ಲಿದೆ, ನಿಲ್ಲಿಸಿ, ಸ್ಟಾಪ್, ತಾನು ಕೂಗುತ್ತಿರುವುದು ತನಗೇ ಕೇಳಿಸುತ್ತಿಲ್ಲ, ಹಾಲು, ಬಟ್ಟಲಿನ ಪಕ್ಕಕ್ಕೆ, ಅಂಚಿನಿಂದ ನೆಲಕ್ಕೆ, ಹಾಲು, ಬಟ್ಟಲಿನ ಪಕ್ಕಕ್ಕೆ